ಲಾವಂಚ ಬೇರೆ, ಲ್ಯಾವೆಂಡರ್ ಬೇರೆ

ಯುಗಾದಿ ಕಳೆದು, ಕಾಫಿಗೆ ಹೂಮಳೆ ಬಂದು ಹೋಗಿ, ಬಿಸಿಲು ನೆತ್ತಿಗೇರುವ ಈ ದಿನಗಳಲ್ಲಿ ಅರೇಹಳ್ಳಿಯ ನಮ್ಮ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿರುತ್ತವೆ. ಉರಿಮೂತ್ರ, ಅಂಗಾಲು ಅಂಗೈಗಳ ಉರಿ, ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ, ಮಕ್ಕಳಿಗೆ ಬೆವರುಸಾಲೆ, ಕೆಲವರಿಗೆ ಮೂಗಿನಲ್ಲಿ ರಕ್ತ. ಇವುಗಳಲ್ಲಿ ಅನೇಕಕ್ಕೆ ನಾವು ನಾಲ್ಕು ದಶಕಗಳಿಂದ ಮೊದಲು ಹೇಳುತ್ತ ಬಂದಿರುವ ಮಾತು ಒಂದೇ: ಮಡಕೆಯ ನೀರಿಗೆ ಲಾವಂಚ ಹಾಕಿ ಕುಡಿಯಿರಿ. ಇಷ್ಟು ಸರಳವಾದ ಸಲಹೆಯಿಂದಲೂ ಅನಾಹುತವಾಗಬಹುದೆಂಬುದನ್ನು ಕಳೆದ ಬೇಸಿಗೆಯಲ್ಲಿ ಕಲಿತೆವು.

ಹೋಬಳಿಯ ಒಂದು ಹಳ್ಳಿಯಿಂದ ಎಪ್ಪತ್ತರ ಸಮೀಪದ ತಾಯಿಯೊಬ್ಬರು ಉರಿಮೂತ್ರಕ್ಕೆ ಔಷಧಿ ಕೇಳಿ ಬಂದಿದ್ದರು. ಪರೀಕ್ಷಿಸಿ, ಮಾತ್ರೆಯ ಜೊತೆಗೆ ಚೀಟಿಯ ಕೆಳಗೆ ‘ಲಾವಂಚ, ದಿನಕ್ಕೆ ಎರಡು ಹೊತ್ತು’ ಎಂದು ಅವಸರದಲ್ಲಿ ಗೀಚಿ ಕಳುಹಿಸಿದೆವು. ಊರಿನಲ್ಲಿ ಮೊಮ್ಮಗ ಆ ಚೀಟಿಯನ್ನು ಓದಿದ. ಅವನಿಗೆ ಲಾವಂಚ ಗೊತ್ತಿರಲಿಲ್ಲ, ಲ್ಯಾವೆಂಡರ್ ಗೊತ್ತಿತ್ತು. ಫೋನಿನಲ್ಲಿ ಹುಡುಕಿ, ಲ್ಯಾವೆಂಡರ್ ಎಣ್ಣೆಯ ಸಣ್ಣ ಸೀಸೆಯೊಂದನ್ನು ತರಿಸಿದ. ಅಜ್ಜಿ ಅದನ್ನು ಅರ್ಧ ಚಮಚದಷ್ಟು ನೀರಿಗೆ ಬೆರೆಸಿ ಕುಡಿದರು. ಸಂಜೆ ಮತ್ತೊಮ್ಮೆ ಕುಡಿದರು. ರಾತ್ರಿಯ ಹೊತ್ತಿಗೆ ಗಂಟಲು ಹೊಟ್ಟೆಗಳೆಲ್ಲ ಉರಿದು ವಾಂತಿ, ತಲೆಸುತ್ತು, ಎಬ್ಬಿಸಿದರೂ ಕಣ್ಣು ಬಿಡಲಾಗದ ಮಂಪರು. ಬೆಳಗ್ಗೆ ನಮ್ಮ ಬಾಗಿಲಿಗೆ ಕರೆತಂದಾಗ ಸೀಸೆಯ ಮೂತಿ ಮೂಸಿದೊಡನೆ ನಮಗೆ ಸಂಗತಿ ಹೊಳೆಯಿತು. ತಡಮಾಡದೆ ಆಸ್ಪತ್ರೆಗೆ ಕಳುಹಿಸಿದೆವು. ಎರಡು ದಿನದಲ್ಲಿ ಚೇತರಿಸಿಕೊಂಡರು. ಆ ಬಳಿಕ ಬಂದವರು, “ನೀವು ಬರೆದುಕೊಟ್ಟ ಲಾವಂಚಾನೇ ಅಲ್ವಾ ಡಾಕ್ಟ್ರೇ ನಾನು ಕುಡಿದದ್ದು?” ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಓದಿದವನ ತಪ್ಪಿಗಿಂತ ಬರೆದವರ ತಪ್ಪು ದೊಡ್ಡದು. ‘ಬೇರು’ ಎಂಬ ಎರಡಕ್ಷರವನ್ನು ನಾವು ಬರೆದಿದ್ದರೆ ಅಷ್ಟು ಸಾಕಿತ್ತು.

ಆದಕಾರಣ ಈ ಸಂಚಿಕೆಯಲ್ಲಿ ಈ ಎರಡು ಸುಗಂಧಗಳ ಹುಟ್ಟು, ಇತಿಹಾಸ, ಉಪಯೋಗಗಳನ್ನು ಬಿಡಿಸಿ ಹೇಳಬೇಕೆನಿಸಿತು. ಹೆಸರಿನಲ್ಲಿ ಹೋಲಿಕೆಯುಂಟು, ಅದು ಬರಿಯ ಆಕಸ್ಮಿಕ. ಲ್ಯಾವೆಂಡರ್ ಎಂಬುದು ‘ತೊಳೆ’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಲಾವಂಚಕ್ಕಾದರೋ ಲಾಮಜ್ಜಕವೆಂಬ ಸಂಸ್ಕೃತ ಪದದೊಡನೆ ನಂಟಿರುವುದು ಕಿವಿಗೇ ತಿಳಿಯುತ್ತದೆ. ಹಿರಿಯರು ಇಂದಿಗೂ ಲಾಮಂಚವೆಂದೇ ಅನ್ನುವುದುಂಟು. ಮುಡಿವಾಳವೆಂಬ ಹೆಸರೂ ಇದೆ. ಲ್ಯಾವೆಂಡರ್ ತುಳಸಿಯ ಕುಟುಂಬಕ್ಕೆ ಸೇರಿದ ಸಣ್ಣ ಪೊದೆ, ಅದರ ಪರಿಮಳ ನೇರಳೆ ಹೂವಿನಲ್ಲಿ. ಲಾವಂಚ ಹುಲ್ಲು, ರಾಗಿ, ಭತ್ತ, ಕಬ್ಬುಗಳ ದಾಯಾದಿ. ಅದರ ಎಲೆಗೆ ವಾಸನೆಯಿಲ್ಲ, ಹೂವಿಗೂ ಇಲ್ಲ. ಇರುವುದೆಲ್ಲ ನೆಲದೊಳಗಿನ ಬೇರಿನಲ್ಲಿ.

ತೊಳೆಯುವವರ ಹೂವು

ಲ್ಯಾವೆಂಡರ್ ಗಿಡದ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣಗುಡ್ಡಗಳು. ಸುಣ್ಣದ ಅಂಶವಿರುವ ಕಲ್ಲುನೆಲ, ಕಡಿಮೆ ಮಳೆ, ತಂಪು ಚಳಿಗಾಲ ಅದಕ್ಕೆ ಹಿತ. ಯೂರೋಪಿನ ಹಳ್ಳಿಗಳಲ್ಲಿ ಒಗೆದ ಬಟ್ಟೆಯನ್ನು ಅದರ ಪೊದೆಗಳ ಮೇಲೆ ಒಣಹಾಕುವುದು, ಒಣ ಹೂವನ್ನು ಚೀಲದಲ್ಲಿ ಕಟ್ಟಿ ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವುದು, ನುಸಿಹುಳು ಬಾರದಂತೆ ಹಾಸಿಗೆಗೆ ಸೇರಿಸುವುದು ತಲೆತಲಾಂತರದ ರೂಢಿ. ನಮ್ಮ ಅಜ್ಜಿಯರು ರೇಷ್ಮೆ ಸೀರೆಯ ಮಡಿಕೆಯಲ್ಲಿ ಲಾವಂಚದ ಬೇರಿಡುತ್ತಿದ್ದುದನ್ನು ನೆನೆದರೆ ಮನುಷ್ಯನ ಮೂಗು ಎಲ್ಲೆಡೆಯೂ ಒಂದೇ ಎನಿಸುತ್ತದೆ. ಫ್ರಾನ್ಸಿನ ರಸಾಯನ ತಜ್ಞ ಗಟ್ಟಫೋಸೆ ಎಂಬವರು 1910ರಲ್ಲಿ ಪ್ರಯೋಗಶಾಲೆಯ ಅಪಘಾತದಲ್ಲಿ ಸುಟ್ಟ ಗಾಯಗಳಿಗೆ ಲ್ಯಾವೆಂಡರ್ ಎಣ್ಣೆ ಬಳಸಿ ಗುಣ ಕಂಡರು. 1937ರಲ್ಲಿ ಅವರು ಪ್ರಕಟಿಸಿದ ಪುಸ್ತಕದಿಂದಲೇ ‘ಅರೋಮಾಥೆರಪಿ’ ಎಂಬ ಮಾತು ಜಗತ್ತಿಗೆ ಪರಿಚಯವಾಯಿತು.

ನಮ್ಮ ದೇಶಕ್ಕೂ ಲ್ಯಾವೆಂಡರ್ ಸಂಪೂರ್ಣ ಅಪರಿಚಿತವಲ್ಲ. ಯುನಾನಿ ವೈದ್ಯರು ‘ಉಸ್ತುಖುದ್ದೂಸ್’ ಎಂಬ ಹೆಸರಿನಲ್ಲಿ ಅದರ ಒಂದು ಜಾತಿಯನ್ನು ಮಿದುಳಿನ ಕಾಯಿಲೆಗಳಿಗೆ, ಹಳೆಯ ನೆಗಡಿಗೆ ಬಳಸುತ್ತ ಬಂದಿದ್ದಾರೆ. ದಖ್ಖನಿನ ಕಲ್ಲುನೆಲದಲ್ಲಿ ಅದರ ಕಾಡು ಸಂಬಂಧಿಯೊಂದು ತಾನೇ ತಾನಾಗಿ ಹುಟ್ಟುತ್ತದೆ. ಇತ್ತೀಚೆಗೆ ಜಮ್ಮುವಿನ ದೋಡಾ ಜಿಲ್ಲೆಯ ಭದ್ರವಾಹದಲ್ಲಿ ಸಿ.ಎಸ್.ಐ.ಆರ್. ಸಂಸ್ಥೆಯ ಸುಗಂಧ ಸಸ್ಯಗಳ ಯೋಜನೆಯಿಂದಾಗಿ ಮುಸುಕಿನ ಜೋಳ ಬೆಳೆಯುತ್ತಿದ್ದ ರೈತರು ಲ್ಯಾವೆಂಡರಿಗೆ ಬದಲಾಗಿದ್ದಾರೆ. ಅದನ್ನು ‘ನೇರಳೆ ಕ್ರಾಂತಿ’ ಎಂದು ಪತ್ರಿಕೆಗಳು ಹೊಗಳಿದುವು. ಆ ಚಿತ್ರಗಳನ್ನು ಕಂಡ ನಮ್ಮ ಭಾಗದ ಕೆಲವು ಯುವ ಬೆಳೆಗಾರರು ಕಾಫಿಯ ಬೆಲೆ ಇಳಿದಾಗಲೆಲ್ಲ ‘ನಾವೂ ಹಾಕಿದರೆ ಹೇಗೆ?’ ಎಂದು ಕೇಳುತ್ತಾರೆ. ಬೆಳೆಯ ಆರ್ಥಿಕತೆ ನಮ್ಮ ವಿಷಯವಲ್ಲ. ಆದರೂ ಗಿಡದ ಸ್ವಭಾವ ಬಲ್ಲವರಾಗಿ ಒಂದು ಮಾತು ಹೇಳಬಹುದು. ಬುಡದಲ್ಲಿ ನೀರು ನಿಂತರೆ ಲ್ಯಾವೆಂಡರಿನ ಬೇರು ಕೊಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಲೆನಾಡಿನ ಮಳೆ, ಹುಳಿ ಸ್ವಭಾವದ ಕೆಮ್ಮಣ್ಣು, ಎರಡೂ ಅದಕ್ಕೆ ಆಗದವು. ಕುಂಡದಲ್ಲಿ ಚೆಂದಕ್ಕೆ ಬೆಳೆಸುವವರು ಬೆಳೆಸಿಕೊಳ್ಳಲಿ.

ಲ್ಯಾವೆಂಡರ್ ಎಣ್ಣೆಯಲ್ಲಿ ಮುಖ್ಯವಾಗಿ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಎಂಬ ಅಂಶಗಳಿವೆ. ಮೂಸಿದರೆ ಮನಸ್ಸು ತುಸು ಶಾಂತವಾಗುತ್ತದೆಂಬುದು ಸುಳ್ಳಲ್ಲ; ನಿದ್ರೆ ಬಾರದವರು ದಿಂಬಿನ ಬಟ್ಟೆಗೆ ಒಂದೆರಡು ಹನಿ ಹಾಕಿಕೊಳ್ಳುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಜರ್ಮನಿಯಲ್ಲಿ ಮನಸ್ಸಿನ ಕಳವಳಕ್ಕೆ 80 ಮಿಲಿಗ್ರಾಂ ಲ್ಯಾವೆಂಡರ್ ಎಣ್ಣೆಯ ಗುಳಿಗೆ ಔಷಧವಾಗಿ ಬಳಕೆಯಲ್ಲಿದೆ. ಆದರೆ ಅದು ಅಳತೆ ಮಾಡಿ, ಶುದ್ಧಿ ನೋಡಿ, ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಔಷಧ. ಸುವಾಸನೆಗೆಂದು ಮಾರುವ ಸೀಸೆಯ ಅರ್ಧ ಚಮಚವೆಂದರೆ ಆ ಪ್ರಮಾಣದ ಇಪ್ಪತ್ತು ಮೂವತ್ತು ಪಟ್ಟು. ಯಾವುದೇ ಸುಗಂಧ ಎಣ್ಣೆಯನ್ನು ಮಗುವಾಗಲಿ ದೊಡ್ಡವರಾಗಲಿ ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದಾಗ ಮಾಡುವುದಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ. ಸೀಸೆಯನ್ನೂ ಜೊತೆಗೊಯ್ದು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಉಶೀರವೆಂಬ ನಮ್ಮ ಬೇರು

ಇನ್ನು ಲಾವಂಚಕ್ಕೆ ಬರೋಣ. ಸಂಸ್ಕೃತದಲ್ಲಿ ಹುಲ್ಲಿಗೆ ವೀರಣವೆಂದೂ ಅದರ ಬೇರಿಗೆ ಉಶೀರವೆಂದೂ ಹೆಸರು. ನಲದ, ಸೇವ್ಯ ಎಂಬವೂ ಅದರ ಹೆಸರುಗಳೇ. ಹಿಂದಿಯವರು ಖಸ್ ಎನ್ನುತ್ತಾರೆ. ತಮಿಳರ ‘ವೆಟ್ಟಿವೇರ್’, ಅಂದರೆ ಅಗೆದು ತೆಗೆದ ಬೇರು, ಫ್ರೆಂಚರ ಬಾಯಲ್ಲಿ ‘ವೆಟಿವೇರ್’ ಆಗಿ ಇಂದು ಲೋಕವೆಲ್ಲ ಹಬ್ಬಿದೆ. ಪ್ಯಾರಿಸ್ಸಿನ ದುಬಾರಿ ಅತ್ತರಿನ ಸೀಸೆಯ ಮೇಲಿರುವ ಪದದಲ್ಲಿ ನಮ್ಮ ‘ಬೇರು’ ಅಡಗಿ ಕುಳಿತಿರುವುದು ಸಂತೋಷದ ಸಂಗತಿ.

ಚರಕ ಸಂಹಿತೆಯಲ್ಲಿ ಔಷಧಗಳನ್ನು ಹತ್ತು ಹತ್ತರ ಗುಂಪುಗಳಾಗಿ ವಿಂಗಡಿಸಿರುವುದುಂಟು. ಮೈಬಣ್ಣ ತಿಳಿಗೊಳಿಸುವ, ವಾಂತಿ ತಡೆಯುವ, ದಾಹ ಶಮನ ಮಾಡುವ, ಶುಕ್ರ ಶುದ್ಧಿ ಮಾಡುವ ಗುಂಪುಗಳಲ್ಲಿ ಉಶೀರವೂ, ಎದೆಹಾಲು ಹೆಚ್ಚಿಸುವ ಗುಂಪಿನಲ್ಲಿ ವೀರಣವೂ ಇವೆ. ಮೈಯುರಿ, ಚರ್ಮದೋಷ, ಅತಿಬೆವರುಗಳಿಗೆ ಹಚ್ಚುವ ಲೇಪಗಳಲ್ಲಿ ಲಾಮಜ್ಜಕ ಮತ್ತು ಉಶೀರಗಳೇ ಶ್ರೇಷ್ಠವೆಂದು ಅದೇ ಗ್ರಂಥ ಹೇಳುತ್ತದೆ. ಸುಶ್ರುತರ ಸಾರಿವಾದಿ ಗಣದಲ್ಲಿಯೂ ಇದಕ್ಕೆ ಸ್ಥಾನವಿದೆ. ಶಾಸ್ತ್ರದ ಮಾತಿನಲ್ಲಿ ಇದರ ರುಚಿ ಕಹಿ ಮತ್ತು ಸಿಹಿ, ಗುಣ ಹಗುರ ಮತ್ತು ರೂಕ್ಷ, ವೀರ್ಯ ಶೀತ. ಪಿತ್ತ ಕಫಗಳನ್ನು ಶಮನಗೊಳಿಸುತ್ತದೆ. ತಂಪಾದ ಪದಾರ್ಥಗಳು ಸಾಮಾನ್ಯವಾಗಿ ಜೀರ್ಣಕ್ಕೆ ಭಾರವಾಗಿರುತ್ತವೆ. ಲಾವಂಚವಾದರೋ ತಂಪೂ ಹೌದು, ಪಾಚಕವೂ ಹೌದು. ಬೇಸಿಗೆಯಲ್ಲಿ ಜಠರಾಗ್ನಿ ಕುಗ್ಗಿರುವಾಗ ಮಂಜುಗಡ್ಡೆಯ ನೀರು ಕೊಡುವುದಕ್ಕೂ ಲಾವಂಚದ ನೀರು ಕೊಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ವೈದ್ಯಗ್ರಂಥಗಳ ಆಚೆಗೂ ಇದರ ಸುಳಿವು ಸಿಗುತ್ತದೆ. ಕಾಳಿದಾಸನ ಶಾಕುಂತಲ ನಾಟಕದ ಮೂರನೆಯ ಅಂಕದ ಆರಂಭದಲ್ಲಿ ಬೇಗೆಯಿಂದ ಬಳಲಿದ ಶಕುಂತಲೆಗಾಗಿ ಪ್ರಿಯಂವದೆ ಒಯ್ಯುತ್ತಿರುವುದು ಉಶೀರದ ಲೇಪವನ್ನೇ. ಕನ್ನಡನಾಡಿಗೆ ಬಂದರೆ, ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುಡಿಯುವ ನೀರನ್ನು ಸುವಾಸಿತಗೊಳಿಸುವ ಬಗೆಗೇ ಒಂದು ಪ್ರಕರಣವಿದೆ. ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಗೊಂಡು ಇನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಅದೇ ಕಲ್ಯಾಣದಲ್ಲಿ ಮುಂದೆ ಬಸವಾದಿ ಶರಣರು ನೆರೆಯಲಿದ್ದರು. ಆ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು, ವೈದ್ಯವೇ ಅವರ ಕಾಯಕವಾಗಿತ್ತು ಎಂಬುದು ನಮ್ಮಂಥ ವೃತ್ತಿಯವರಿಗೆ ಹೆಮ್ಮೆ. ಅರಸನ ಸುವಾಸಿತ ಜಲ ಅರಮನೆಯಲ್ಲೇ ಉಳಿಯಿತು. ಜಾತ್ರೆ ಪರಿಷೆಗಳ ದಾರಿಯಲ್ಲಿ, ಬಸ್ಸಿನ ನಿಲ್ದಾಣದ ಮರದಡಿಯಲ್ಲಿ ಭಕ್ತರು ಇಡುವ ಅರವಟಿಗೆಯ ಗುಡಾಣಕ್ಕೆ ಒಂದು ಹಿಡಿ ಲಾವಂಚ ಬಿದ್ದೊಡನೆ ಅದು ಎಲ್ಲರದೂ ಆಯಿತು. ನಮ್ಮ ಬಾಲ್ಯದಲ್ಲಿ ಅರಸೀಕೆರೆಯ ಕಡೆಗೆ ಹೋದಾಗ ತೆಂಗಿನ ಗರಿಯ ಚಪ್ಪರದಡಿ ಮರಳಿನ ಮೇಲೆ ಕೂರಿಸಿದ ಗುಡಾಣದಿಂದ ಕುಡಿದ ಆ ನೀರಿನ ವಾಸನೆ ಇಂದಿಗೂ ನೆನಪಿದೆ. ಈಗಿನ ಅರವಟಿಗೆಗಳಲ್ಲಿ ಪ್ಲಾಸ್ಟಿಕ್ಕಿನ ನೀಲಿ ಕ್ಯಾನು ಬಂದಿದೆ. ಅದರೊಳಗೆ ಲಾವಂಚ ಹಾಕಬಹುದೇ ಎಂದು ಕೇಳುತ್ತಾರೆ. ಹಾಕಬಹುದು, ಮಡಕೆಯ ತಂಪು ಮಾತ್ರ ಬಾರದು.

ಹಳ್ಳಿಯ ಬಳಕೆಗಳು ಇನ್ನೂ ಹಲವು. ಬೇರನ್ನು ಹೆಣೆದ ಚಾಪೆಗೆ ನೀರು ಚಿಮುಕಿಸಿ ಕಿಟಕಿಗೆ ಕಟ್ಟಿದರೆ ಬೀಸುವ ಗಾಳಿ ತಂಪಾಗಿ ಘಮಘಮಿಸುತ್ತದೆ. ಬೀಸಣಿಗೆ, ಟೋಪಿ, ಹಾರ, ಗಣಪತಿಯ ಮೂರ್ತಿಗಳನ್ನು ಉತ್ತರ ಕನ್ನಡದ ಕಡೆಯ ಕುಶಲಕರ್ಮಿಗಳು ಇದರಿಂದಲೇ ಮಾಡುತ್ತಾರೆ. ಸೀಗೆಪುಡಿಗೂ ಸ್ನಾನದ ಕಡಲೆಹಿಟ್ಟಿಗೂ ಬೇರಿನ ಪುಡಿ ಸೇರಿಸುವುದು, ಕೊಬ್ಬರಿ ಎಣ್ಣೆಯಲ್ಲಿ ಬೇರು ಕಾಯಿಸಿ ತಲೆಗೆ ಹಚ್ಚುವುದು ನಮ್ಮ ಮನೆಗಳಲ್ಲಿ ಇದ್ದದ್ದೇ.

ನೀರು ಮಾಡುವ ಬಗೆ

ಬೇರನ್ನು ಗ್ರಂಥಿಗೆ ಅಂಗಡಿಯಿಂದ ತಂದೊಡನೆ ಮಡಕೆಗೆ ಹಾಕಬಾರದು. ಅದು ನೆಲದೊಳಗಿನ ವಸ್ತು. ಕೂದಲಿನಂಥ ಎಳೆಗಳ ನಡುವೆ ಮಣ್ಣು ಕಚ್ಚಿಕೊಂಡಿರುತ್ತದೆ. ಅರ್ಧ ಗಂಟೆ ನೀರಿನಲ್ಲಿ ನೆನೆಯಿಟ್ಟು, ಮೂರು ನಾಲ್ಕು ಸಲ ತೊಳೆದು, ನೀರು ತಿಳಿಯಾದ ಮೇಲೆ ಹಿಂಡಿ ನೆರಳಿನಲ್ಲಿ ಒಣಗಿಸಬೇಕು. ಕುದಿಸಿ ಆರಿಸಿದ ಎರಡು ಮೂರು ಲೀಟರ್ ನೀರಿಗೆ ಸುಮಾರು 10 ಗ್ರಾಂ, ಅಂದರೆ ಸಡಿಲವಾದ ಒಂದು ಹಿಡಿ ಬೇರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮಣ್ಣಿನ ಮಡಕೆಯಲ್ಲಿ ರಾತ್ರಿ ಇಟ್ಟರೆ ಬೆಳಗ್ಗೆಗೆ ನೀರು ಸಿದ್ಧ. ಆ ನೀರನ್ನು ಅಂದೇ ಮುಗಿಸಬೇಕು. ಗಂಟನ್ನು ಪ್ರತಿದಿನ ಬಿಸಿಲಿಗೆ ಹಾಕಿ ಒಣಗಿಸಿ ಮೂರು ನಾಲ್ಕು ದಿನ ಬಳಸಬಹುದು. ಆಮೇಲೆ ಸ್ನಾನದ ನೀರಿಗೆ ಹಾಕಿರಿ. ಒಂದೇ ಗಂಟನ್ನು ಹದಿನೈದು ದಿನ ಮಡಕೆಯ ತಳದಲ್ಲಿ ಮುಳುಗಿಸಿಟ್ಟು ಲೋಳೆ ಬಂದರೂ ಕುಡಿಯುವವರನ್ನು ಕಂಡಿದ್ದೇವೆ. ಅವರಿಗೆ ಆದ ಭೇದಿಗೆ ಲಾವಂಚ ಹೊಣೆಯಲ್ಲ.

ಪಿತ್ತದ ಜ್ವರದಲ್ಲಿ ಬಾಯಾರಿಕೆ ಹೆಚ್ಚಿದಾಗ ಕೊಡುವ ಷಡಂಗ ಪಾನೀಯ ಚರಕರ ಕಾಲದ್ದು. ಭದ್ರಮುಷ್ಟಿ, ಪರ್ಪಾಟಕ, ಲಾವಂಚ, ಶ್ರೀಗಂಧ, ಬಾಳದ ಬೇರು, ಶುಂಠಿ ಎಂಬ ಆರನ್ನು ಸಮಭಾಗ ಸೇರಿಸಿ, ಅದರಲ್ಲಿ ಸ್ವಲ್ಪವನ್ನು ನೀರಿನಲ್ಲಿ ಅರ್ಧಕ್ಕೆ ಇಳಿಯುವಂತೆ ಕುದಿಸಿ ಆರಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುವುದು. ಜ್ವರ ಬಂದವರಿಗೆ ನೀರು ಕೊಡಬಾರದೆಂಬ ತಪ್ಪು ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಎರಡು ಸಾವಿರ ವರ್ಷಗಳ ಹಿಂದಿನವರು ಜ್ವರಕ್ಕೆಂದೇ ಕುಡಿಯುವ ನೀರನ್ನು ಸಿದ್ಧಮಾಡಿದ್ದರೆಂಬುದನ್ನು ಅಂಥವರಿಗೆ ಹೇಳಬೇಕು. ಬೆವರುಸಾಲೆಗೆ ಲಾವಂಚದ ನಯವಾದ ಪುಡಿಯನ್ನು ಪನ್ನೀರಿನಲ್ಲಿ ಕಲಸಿ ತೆಳುವಾಗಿ ಹಚ್ಚಿ, ಒಣಗುವ ಮೊದಲೇ ತೊಳೆಯಬೇಕು. ಶ್ರೀಗಂಧ ತೇಯ್ದು ಸೇರಿಸಿದರೆ ಇನ್ನೂ ಉತ್ತಮ. ಹೊಟ್ಟೆಗೆ ಪುಡಿಯಾಗಿ ಕೊಡುವುದಾದರೆ ದೊಡ್ಡವರಿಗೆ ದಿನಕ್ಕೆ 3ರಿಂದ 6 ಗ್ರಾಂ ರೂಢಿ. ಉಶೀರಾಸವವೆಂಬ ಸಿದ್ಧ ಔಷಧ ರಕ್ತಪಿತ್ತಾದಿಗಳಲ್ಲಿ ಪ್ರಸಿದ್ಧ. ಅದು ಆಸವವಾದ್ದರಿಂದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಸಕ್ಕರೆ ಕಾಯಿಲೆಯವರಂತೂ ಕೇಳದೆ ಮುಟ್ಟಬಾರದು.

ಎಲ್ಲರಿಗೂ ಎಲ್ಲ ಕಾಲಕ್ಕೂ ಲಾವಂಚ ಹಿತವಲ್ಲ. ಇದು ಗ್ರೀಷ್ಮದ ದ್ರವ್ಯ. ಆರಿದ್ರಾ ಮಳೆ ಹಿಡಿದು ಅರೇಹಳ್ಳಿಯಲ್ಲಿ ಕಂಬಳಿ ಹೊದೆಯುವ ಕಾಲಕ್ಕೆ ಲಾವಂಚದ ತಣ್ಣೀರು ಕುಡಿದು ಕೆಮ್ಮು ತಂದುಕೊಳ್ಳಬೇಕಿಲ್ಲ. ದಮ್ಮಿನವರು, ನೆಗಡಿಯ ಪ್ರಕೃತಿಯವರು ಬೇಸಿಗೆಯಲ್ಲೂ ಮಿತವಾಗಿರಲಿ. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿಂದಾಗಿ ನೀರಿನ ಪ್ರಮಾಣ ಕಟ್ಟುನಿಟ್ಟಾಗಿರುವವರು, ಲಾವಂಚದ ನೀರು ಔಷಧವಲ್ಲವೇ ಎಂದು ಮೇಲೆ ಎರಡು ಚೊಂಬು ಕುಡಿಯಬಾರದು, ಅದೂ ನೀರೇ. ಉರಿಮೂತ್ರದ ಜೊತೆ ಚಳಿಜ್ವರ, ಬೆನ್ನಿನ ಕೆಳಭಾಗದ ನೋವು, ಮೂತ್ರದಲ್ಲಿ ರಕ್ತ ಕಂಡರೆ ಮಡಕೆಯನ್ನು ನಂಬಿ ಕೂರದೆ ಮೂತ್ರ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರು ವೈದ್ಯರ ಮಾತಿಲ್ಲದೆ ಬೇರಿನ ಪುಡಿ, ಎಣ್ಣೆಗಳನ್ನು ಸೇವಿಸಬಾರದು. ಲಾವಂಚದ ಎಣ್ಣೆಯೂ ಎಣ್ಣೆಯೇ: ಹಲವು ಗಂಟೆಗಳ ಕಾಲ, ಕೆಲವೆಡೆ ಇಡೀ ಹಗಲಿರುಳು, ಹಬೆಯಲ್ಲಿ ಬೇಯಿಸಿದರೂ ಬೇರಿನ ತೂಕದ ನೂರಕ್ಕೆ ಒಂದು ಭಾಗದ ಆಸುಪಾಸು ಮಾತ್ರ ದೊರೆಯುವ ಸಾಂದ್ರ ವಸ್ತು ಅದು. ಬೇರು ನೆನೆಸಿದ ನೀರಿನ ಗುಣವನ್ನು ಸೀಸೆಯ ಹನಿಗೆ ಆರೋಪಿಸಬಾರದು.

ಹಸಿರು ಬಣ್ಣದ ‘ಖಸ್’ ಶರಬತ್ತಿನ ಬಗ್ಗೆಯೂ ಕೇಳುತ್ತಾರೆ. ಲಾವಂಚದ ನೀರಿಗೆ ಹಸಿರು ಬಣ್ಣವಿಲ್ಲವೆಂಬುದನ್ನು ನೆನಪಿಟ್ಟರೆ ಸಾಕು.

ಕೊಳ್ಳುವಾಗ ಮೂಗೇ ಪರೀಕ್ಷಕ. ಎಣ್ಣೆ ತೆಗೆದು ಸಪ್ಪೆಯಾದ ಬೇರನ್ನು ಮತ್ತೆ ಒಣಗಿಸಿ ಮಾರುವವರಿದ್ದಾರೆ. ಒಂದು ಎಳೆಯನ್ನು ನೀರಿನಲ್ಲಿ ಅದ್ದಿ ಬೆರಳ ನಡುವೆ ಉಜ್ಜಿದರೆ ಮೊದಲ ಮಳೆ ಬಿದ್ದ ನೆಲದ ವಾಸನೆ ಏಳಬೇಕು. ಏಳದಿದ್ದರೆ ಬಿಟ್ಟುಬನ್ನಿ. ಮಜ್ಜಿಗೆ ಹುಲ್ಲನ್ನೇ ಲಾವಂಚವೆಂದು ತಿಳಿದು ಹಿತ್ತಲಲ್ಲಿ ಸಾಕಿಕೊಂಡವರೂ ಇದ್ದಾರೆ. ಎಲೆ ಹಿಸುಕಿದಾಗ ನಿಂಬೆಯ ವಾಸನೆ ಬಂದರೆ ಅದು ಲಾವಂಚವಲ್ಲ.

ಮಣ್ಣು ಹಿಡಿಯುವ ಬೇರು

ಇನ್ನೊಂದು ಸಂಗತಿ ಔಷಧದ ಮಾತಿಗೆ ಹೊರಗಿನದೆಂದು ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಲಾವಂಚದ ಬೇರು ಅಡ್ಡಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತದೆ. ಒಳ್ಳೆಯ ನೆಲದಲ್ಲಿ ಮೂರು ನಾಲ್ಕು ಮೀಟರ್ ಆಳಕ್ಕೂ ಹೋಗುತ್ತದೆ. ಆ ಎಳೆಗಳ ಗಟ್ಟಿತನ ಮೆದು ಉಕ್ಕಿನ ಆರನೆಯ ಒಂದು ಪಾಲಿನಷ್ಟೆಂದು ಅಳೆದವರಿದ್ದಾರೆ. ಗುಂಡ್ಲುಪೇಟೆಯ ಸುತ್ತಿನ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚದ ಸಾಲು ನೆಟ್ಟು, ಎಳೆಯ ಎಲೆಯನ್ನು ದನಕ್ಕೆ ಕೊಯ್ಯುತ್ತ ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಕರ್ನಾಟಕದ ಜಲಾನಯನ ಯೋಜನೆಗಳಲ್ಲಿ ಈ ಹುಲ್ಲನ್ನು ಮಣ್ಣು ಕೊಚ್ಚಣೆ ತಡೆಯಲು ಬಳಸಿದರು. ಆ ಬಳಿಕ ಅದು ಅನೇಕ ದೇಶಗಳಿಗೆ ಹಬ್ಬಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಹುಲ್ಲಿನ ಮೇಲೆ ಪುಸ್ತಕವನ್ನೇ ಹೊರತಂದಿತು. ನಮ್ಮ ರೈತನ ಬದುವಿನ ವಿದ್ಯೆ ದೇಶಾಂತರ ಸುತ್ತಿ ನಮಗೇ ಹೊಸದಾಗಿ ಮರಳಿ ಬಂದಿದೆ.

2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು, ಸಕಲೇಶಪುರ ಸುಬ್ರಹ್ಮಣ್ಯಗಳ ನಡುವಣ ರೈಲುದಾರಿ ಮುಚ್ಚಿದ್ದು ಯಾರೂ ಮರೆತಿಲ್ಲ. ಅಂಥ ಆಳದ ಕುಸಿತವನ್ನು ಹುಲ್ಲೊಂದೇ ತಡೆಯಲಾರದು, ಅಂಥ ಭರವಸೆ ಕೊಡುವವರನ್ನು ನಂಬಬೇಡಿ. ಆದರೆ ತೋಟದ ರಸ್ತೆಗೆ ಕಡಿದ ದರೆ, ಚರಂಡಿಯ ಅಂಚು, ಕೆರೆಯ ಏರಿಯ ಮೇಲ್ಮಣ್ಣು ಇವುಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಗೇಣಿಗಿಂತ ಕಡಿಮೆ ಅಂತರದಲ್ಲಿ ಸಸಿ ನೆಟ್ಟು ಸಾಲು ಕೂಡಿಕೊಳ್ಳುವಂತೆ ಮಾಡಬೇಕು. ಬಿಸಿಲು ಬೇಕೇ ಬೇಕು. ಕಾಫಿಯ ಮರದ ನೆರಳಿನಡಿ ಲಾವಂಚ ಸೊರಗುತ್ತದೆ.

ಇಲ್ಲಿಯೇ ಇಕ್ಕಟ್ಟು. ಔಷಧಕ್ಕೆ ಬೇಕಾದದ್ದು ಬೇರು. ಬೇರು ತೆಗೆದರೆ ಗಿಡ ಹೋಗುತ್ತದೆ, ಮಣ್ಣೂ ಸಡಿಲವಾಗುತ್ತದೆ. ಹಿಂದೆ ನಮ್ಮ ಹಳ್ಳದ ದಂಡೆಗಳಲ್ಲಿ ಸಾಕಷ್ಟು ಕಾಣುತ್ತಿದ್ದ ಲಾವಂಚದ ಮೆಳೆಗಳು ಇಂದು ವಿರಳವಾಗಿವೆ. ಮಾರಾಟಕ್ಕೆ ಅಗೆದವರ ಪಾಲೂ ಅದರಲ್ಲಿದೆ, ನಮ್ಮಂಥ ವೈದ್ಯರ ಚೀಟಿಗಳ ಪಾಲೂ ಇದೆ. ದರೆಗೆ, ಏರಿಗೆ ನೆಟ್ಟ ಲಾವಂಚವನ್ನು ಯಾವ ಕಾರಣಕ್ಕೂ ಅಗೆಯಬಾರದು. ಕುಡಿಯುವ ನೀರಿಗೆ ಬೇಕಾದದ್ದನ್ನು ಬೇರೆಯಾಗಿಯೇ ಬೆಳೆಯಬೇಕು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಈ ಬೇರು ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಹೀರಿ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆ ಗುಣದಿಂದಲೇ ಕೊಳಕು ನೀರನ್ನು ಶುದ್ಧಗೊಳಿಸಲು ಅದನ್ನು ಬಳಸುತ್ತಾರೆ. ಚರಂಡಿಯ ಬದಿಯಲ್ಲಿ, ಕಾರ್ಖಾನೆಯ ನೀರು ಹರಿಯುವಲ್ಲಿ, ವರ್ಷವರ್ಷವೂ ಮೈಲುತುತ್ತಿನ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದೊಳಗೆ ಬೆಳೆದ ಬೇರು ನೆಲಕ್ಕೆ ಉಪಕಾರಿ, ಹೊಟ್ಟೆಗೆ ಅಲ್ಲ.

ಹಳೆಯ ಗೊಬ್ಬರದ ಚೀಲವನ್ನು ಇದಕ್ಕೆ ಬಳಸಬೇಡಿ. ಅಕ್ಕಿಯ ಚೀಲವೋ ಸಣಬಿನ ಗೋಣಿಯೋ ಆದೀತು. ಮರಳು, ಒಳ್ಳೆಯ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ತಳದಲ್ಲಿ ನೀರು ಬಸಿಯಲು ತೂತು ಮಾಡಿ, ಮಳೆಗಾಲದ ಆರಂಭದಲ್ಲಿ ಬುಡದಿಂದ ಬಿಡಿಸಿದ ಎರಡು ಮೂರು ಕಂದು ನೆಟ್ಟು ಬಿಸಿಲಿನಲ್ಲಿಡಿ. ದಕ್ಷಿಣದ ನಮ್ಮ ಲಾವಂಚ ಬೀಜ ಕಟ್ಟುವುದು ಅಪರೂಪ. ಕಂದಿನಿಂದಲೇ ವಂಶ ಬೆಳೆಯಬೇಕು. ಬೆಂಗಳೂರಿನಲ್ಲಿ ಕೇಂದ್ರ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ಸಂಶೋಧನಾ ಕೇಂದ್ರವಿದ್ದು, ಹೆಚ್ಚಾಗಿ ಬೆಳೆಯುವವರು ತಳಿಗಳ ಬಗ್ಗೆ ಅಲ್ಲಿ ವಿಚಾರಿಸಬಹುದು. ಒಂದೂವರೆ ವರ್ಷಕ್ಕೆ ಬೇರು ಬಲಿಯುತ್ತದೆ. ಬೇರುಗಳನ್ನು ಶಿಶಿರದಲ್ಲಿ ಅಥವಾ ಗ್ರೀಷ್ಮದಲ್ಲಿ ಸಂಗ್ರಹಿಸಬೇಕೆಂದು ಚರಕರು ಹೇಳಿದ್ದಾರೆ. ಫಾಲ್ಗುಣದಲ್ಲಿ ಚೀಲ ಸೀಳಿದರೆ ಬೇಸಿಗೆಗೆ ಸರಿಹೋಗುತ್ತದೆ. ಮಣ್ಣು ತಾನೇ ಉದುರುತ್ತದೆ, ಅಗೆಯುವ ಶ್ರಮವಿಲ್ಲ. ಬೇರು ಕತ್ತರಿಸಿಕೊಂಡು, ಬುಡದ ಕಂದುಗಳನ್ನು ಮಳೆಗಾಲದವರೆಗೆ ತೇವದಲ್ಲಿಟ್ಟು ಮತ್ತೆ ನೆಡಬೇಕು.

ಮೇಲೆ ಹೇಳಿದ ಆ ತಾಯಿ ಈಗ ತಮ್ಮ ಕೊಟ್ಟಿಗೆಯ ಹಿಂದೆ ಹೀಗೆ ಮೂರು ಚೀಲ ಇಟ್ಟುಕೊಂಡಿದ್ದಾರೆ. ಸಸಿ ತಂದುಕೊಟ್ಟವನು ಆ ಮೊಮ್ಮಗನೇ. ನಾವಾದರೋ ಚೀಟಿಯಲ್ಲಿ ‘ಲಾವಂಚದ ಬೇರು, ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳುವುದು, ತೊಳೆದು ಮಡಕೆಯ ನೀರಿಗೆ ಹಾಕುವುದು’ ಎಂದು ದುಂಡಗೆ ಬಿಡಿಸಿ ಬರೆದು, ಕೊಡುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೇವೆ.